ಆಗಾ ಖಾನ್ ಅರಮನೆಯ ತೋಟ: ಸಮಾಧಿ ಮೊದಲು, ಮ್ಯೂಸಿಯಂ ಆಮೇಲೆ

ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ನೆಂಟರು ಪುಣೆಗೆ ಬಂದರೆ ಮೊದಲು ಕರೆದೊಯ್ಯುವುದು ಶನಿವಾರವಾಡೆಗೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬಂದವರಿಗೆ ಈ ಕ್ರಮ ಬದಲಿಸಬೇಕು. ಪೇಶ್ವೆ ಬಾಜಿರಾಯ 1730ರಲ್ಲಿ ಅಡಿಗಲ್ಲು ಹಾಕಿದ ವಾಡೆ 1828ರ ಬೆಂಕಿಗೆ ಸುಟ್ಟುಹೋಯಿತು. ಈಗ ಅಲ್ಲಿರುವುದು ಕೋಟೆಗೋಡೆ, ದೊಡ್ಡ ಬಾಗಿಲುಗಳು, ಕಲ್ಲಿನ ತಳಪಾಯ, ಹುಲ್ಲುಹಾಸು. ನೋಡಲೇಬೇಕಾದ ಜಾಗವೇ, ಆದರೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಆರಾಮವಾಗಿ ಅಡ್ಡಾಡಲು ಬೇಕಾದಷ್ಟು ನೆರಳಿಲ್ಲ. ನಿಧಾನವಾಗಿ ನಡೆಯಬೇಕು, ನಡುನಡುವೆ ಕೂರಬೇಕು, ಜೊತೆಗೆ ಇತಿಹಾಸವೂ ಬೇಕು ಎನ್ನುವವರಿಗೆ ಪುಣೆಯಲ್ಲಿ ಸರಿಯಾದ ಜಾಗ ನಗರ್ ರೋಡಿನ ಆಗಾ ಖಾನ್ ಅರಮನೆ.

ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಮೂರನೆಯ ಆಗಾ ಖಾನ್ ಸುಲ್ತಾನ್ ಮಹಮ್ಮದ್ ಶಾ 1892ರಲ್ಲಿ ಕಟ್ಟಿಸಿದ ಅರಮನೆ ಇದು. ಬರಗಾಲದಲ್ಲಿ ಸುತ್ತಲಿನ ಜನರಿಗೆ ಕೂಲಿ ಸಿಗಲೆಂದು ಈ ಕೆಲಸ ಹಿಡಿಸಿದರು. ಒಟ್ಟು ಜಾಗ 19 ಎಕರೆ, ಅದರಲ್ಲಿ ಬಹುಪಾಲು ತೋಟ. ಇಟಾಲಿಯನ್ ಮಾದರಿಯ ಕಮಾನುಗಳು, ಇಡೀ ಕಟ್ಟಡವನ್ನು ಸುತ್ತುವ ಎರಡೂವರೆ ಮೀಟರ್ ಅಗಲದ ಜಗಲಿ. ಈ ಜಗಲಿ ಬೇಸಿಗೆಯ ಲೆಕ್ಕ ಹಾಕಿ ಮಾಡಿದ್ದು. ಬಿಸಿಲು ನೇರವಾಗಿ ಒಳಗೋಡೆಗೆ ಬೀಳುವುದಿಲ್ಲವಾದ್ದರಿಂದ ಮಧ್ಯಾಹ್ನವೂ ಕೋಣೆಗಳು ಕಾಯುವುದಿಲ್ಲ. ನಡಿಗೆಯ ಕ್ರಮ ಗೊತ್ತುಮಾಡಬೇಕಾದದ್ದು ಇದೇ ಕಾರಣದಿಂದ.

ಟಿಕೆಟ್ ಕೊಂಡವರಲ್ಲಿ ಹೆಚ್ಚಿನವರು ಸೀದಾ ಕಟ್ಟಡದ ಒಳಗೆ ಹೋಗುತ್ತಾರೆ. ಫೋಟೊಗಳ ಮುಂದೆ ಒಂದು ಗಂಟೆ ಕಳೆದು, ಹೊರಬಂದು ಹುಲ್ಲುಹಾಸಿನ ಎದುರು ಸೆಲ್ಫಿ ತೆಗೆದುಕೊಳ್ಳುವಷ್ಟರಲ್ಲಿ ಹನ್ನೆರಡಾಗಿರುತ್ತದೆ. ತೋಟದ ಅಂಚಿನಲ್ಲಿರುವ ಕಸ್ತೂರ್‌ಬಾ ಮತ್ತು ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಸಮಾಧಿಗಳಿಗೆ ಆಗ ಹೋದರೆ ಚಪ್ಪಲಿ ಬಿಟ್ಟು ನಿಲ್ಲಬೇಕಾದ ಕಲ್ಲು ಕಾದಿರುತ್ತದೆ, ಮಕ್ಕಳು ಹಟ ಹಿಡಿಯುತ್ತವೆ, ಐದು ನಿಮಿಷದಲ್ಲಿ ಕೈಮುಗಿದು ತಿರುಗಿ ಬರುವುದಾಗುತ್ತದೆ. ಇಡೀ ಆವರಣದಲ್ಲಿ ಹೆಚ್ಚು ಹೊತ್ತು ಇರಬೇಕಾದ ಜಾಗಕ್ಕೇ ಎಲ್ಲಕ್ಕಿಂತ ಕಡಿಮೆ ಹೊತ್ತು ಸಿಗುತ್ತದೆ. ಹಾಗಾಗಿ ಉಲ್ಟಾ ಮಾಡಿ. ಬೆಳಗ್ಗೆ 9ಕ್ಕೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಕಟ್ಟಡವನ್ನು ಪಕ್ಕಕ್ಕೆ ಬಿಟ್ಟು ತೋಟದ ದಾರಿ ಹಿಡಿಯಿರಿ. ಮುಕ್ಕಾಲು ಗಂಟೆ ಮರಗಳ ಕೆಳಗೆ, ಅರ್ಧ ಗಂಟೆ ಸಮಾಧಿಯ ಬಳಿ. ಬಿಸಿಲು ಚುರುಕಾಗುವ ಹೊತ್ತಿಗೆ ಜಗಲಿಗೆ ಬಂದು ಮ್ಯೂಸಿಯಂ ನೋಡಿ. ಹನ್ನೆರಡರ ಒಳಗೆ ಎಲ್ಲ ಮುಗಿಯುತ್ತದೆ.

ಈ ನಡಿಗೆಗೆ ಅರ್ಥ ಬರುವುದು ಇಲ್ಲಿ ಹಿಂದೆ ನಡೆದಾಡಿದವರಿಂದ. 1942ರ ಆಗಸ್ಟ್ 9ರಂದು ಮುಂಬೈಯಲ್ಲಿ ಬಂಧಿಸಿದ ಗಾಂಧೀಜಿಯನ್ನು ತಂದಿಟ್ಟದ್ದು ಇಲ್ಲಿ. ಮಹಾದೇವ ದೇಸಾಯಿ, ಸರೋಜಿನಿ ನಾಯ್ಡು, ಶಿಷ್ಯೆ ಮೀರಾಬೆನ್ ಜೊತೆಗಿದ್ದರು, ಎರಡು ದಿನದ ಮೇಲೆ ಕಸ್ತೂರ್‌ಬಾ ಬಂದರು. ಆಗಸ್ಟ್ 15ರಂದು ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 50 ವರ್ಷ. ದಹನ ಈ ಆವರಣದಲ್ಲೇ ಆಯಿತು. ಆಮೇಲೆ ಗಾಂಧೀಜಿ ಆ ಜಾಗಕ್ಕೆ ದಿನವೂ ನಡೆದು ಹೋಗಿ ಹೂವಿಟ್ಟು ಬರುತ್ತಿದ್ದರು. 1943ರ ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ 21 ದಿನಗಳ ಉಪವಾಸ ಮಾಡಿದ್ದೂ ಇಲ್ಲೇ. ಮರುವರ್ಷ ಫೆಬ್ರವರಿ 22ರ ಸಂಜೆ ಕಸ್ತೂರ್‌ಬಾ ಗಾಂಧೀಜಿಯ ಮಡಿಲಲ್ಲಿ ಪ್ರಾಣಬಿಟ್ಟರು. ಅಂದು ಮಹಾಶಿವರಾತ್ರಿ. ಗಾಂಧೀಜಿ ನೂತ ನೂಲಿನ ಸೀರೆ ಉಡಿಸಿ, ಮಹಾದೇವ ದೇಸಾಯಿಯವರನ್ನು ಸುಟ್ಟ ಜಾಗದ ಪಕ್ಕದಲ್ಲೇ ಮರುದಿನ ಅಗ್ನಿಸಂಸ್ಕಾರ ಮಾಡಿದರು. ಚಿತೆ ಪೂರ್ತಿ ಉರಿಯುವವರೆಗೆ ಗಾಂಧೀಜಿ ಎದುರಿನ ಮರದ ಕೆಳಗೆ ಕೂತಿದ್ದರು. ಇಷ್ಟನ್ನು ಮನೆಯಲ್ಲೇ ಮಕ್ಕಳಿಗೆ ಹೇಳಿ ಕರೆತಂದರೆ ತೋಟ ಬೇರೆಯೇ ಆಗಿ ಕಾಣುತ್ತದೆ. ಏಕೆಂದರೆ ಫಲಕಗಳಲ್ಲಿ ಇದೆಲ್ಲ ಒಂದೊಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಕನ್ನಡದಲ್ಲಂತೂ ಬರಹವಿಲ್ಲ.

ಸಮಾಧಿಯ ಆವರಣದ ವಿನ್ಯಾಸ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು, 1960ರ ದಶಕದ ಕೆಲಸ. ಗೋಪುರವಿಲ್ಲ, ಗುಮ್ಮಟವಿಲ್ಲ, ಎತ್ತರವಾಗಿ ಏನನ್ನೂ ನಿಲ್ಲಿಸಿಲ್ಲ. ಇಬ್ಬರ ಸಮಾಧಿ, ತುಳಸಿ, ಮೇಲೆ ಆಕಾಶ, ಅಷ್ಟೇ. ಗಾಂಧೀಜಿಯ ಚಿತಾಭಸ್ಮದ ಒಂದಷ್ಟು ಭಾಗವೂ ಈ ಆವರಣದಲ್ಲಿದೆ. ಇಂಥ ಜಾಗಕ್ಕೆ ಇದಕ್ಕಿಂತ ಯೋಗ್ಯವಾದ ವಿನ್ಯಾಸ ಸಾಧ್ಯವಿರಲಿಲ್ಲ. ಸಮಾಧಿಗೆ ಒರಗಿ ಫೋಟೊ ತೆಗೆಸಿಕೊಳ್ಳುವವರು ಆಗಾಗ ಕಾಣಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಕ್ಕಳಿಗೂ ಮೊದಲೇ ಹೇಳಿಡಿ.

ವಸಂತ ಎಂದಾಕ್ಷಣ ಬಣ್ಣಬಣ್ಣದ ಹೂಪಾತಿಗಳನ್ನು ನಿರೀಕ್ಷಿಸಿ ಹೋಗಬೇಡಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ದಖ್ಖನ್ ಸೀಮೆಯ ವಸಂತದಲ್ಲಿ ಒಂದು ಮರ ಎಲೆ ಉದುರಿಸುತ್ತಿದ್ದರೆ ಪಕ್ಕದ್ದು ಚಿಗುರಿರುತ್ತದೆ. ದಾರಿಯಲ್ಲಿ ತರಗೆಲೆ, ತಲೆಯ ಮೇಲೆ ತಾಮ್ರವರ್ಣದ ಎಳೆ ಎಲೆ, ಎಲ್ಲೋ ಕೋಗಿಲೆ. ಅದನ್ನು ನೋಡುವ ಕಣ್ಣಿದ್ದರೆ ಫೆಬ್ರವರಿ ಕೊನೆಯಿಂದ ಯುಗಾದಿಯವರೆಗಿನ ಕಾಲ ತುಂಬ ಚೆನ್ನ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುವ ಮಾತು ಪುಣೆಗೂ ಸಲ್ಲುತ್ತದೆ. ಅಲ್ಲಿಂದ ಮುಂದೆ ಮಧ್ಯಾಹ್ನದ ಬಿಸಿಲು ವಾರವಾರಕ್ಕೂ ಏರಿ, ಮಾರ್ಚ್ ಕೊನೆಯ ಹೊತ್ತಿಗೆ 36 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಮುಂಬೈಯಿಂದ ಬರುವವರು ಒಂದು ವಿಷಯ ಗಮನಿಸಬೇಕು. ಇಲ್ಲಿಯ ಹವೆ ಒಣ ಹವೆ. ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ ದಣಿವು, ಬಾಯಾರಿಕೆ ತಡವಾಗಿ ಗೊತ್ತಾಗುತ್ತವೆ, ಆಮೇಲೆ ತಲೆನೋವು ಹಿಡಿಯುತ್ತದೆ. ತಲೆಗೊಂದು ಲೀಟರ್ ನೀರು ಮನೆಯಿಂದಲೇ ತುಂಬಿಸಿಕೊಳ್ಳಿ, ಟೊಪ್ಪಿಗೆ ಇರಲಿ.

ಟಿಕೆಟ್ ಪುರಾತತ್ವ ಇಲಾಖೆಯದು: ಭಾರತೀಯರಿಗೆ ನಗದು ಕೊಟ್ಟರೆ 25 ರೂಪಾಯಿ, ಆನ್‌ಲೈನ್ ಆದರೆ 20. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಆನ್‌ಲೈನ್ ಟಿಕೆಟ್ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಬಾಗಿಲ ಬಳಿ ನಿಂತು ಕೋಡ್ ಸ್ಕ್ಯಾನ್ ಮಾಡಿ, ಹೆಸರು ತುಂಬಿ, ಒಟಿಪಿಗೆ ಕಾಯುವುದರಲ್ಲಿ ಬೆಳಗಿನ ಒಳ್ಳೆಯ ಹತ್ತು ನಿಮಿಷ ಹಾಳಾಗುತ್ತದೆ. ಸಂಜೆ 5:30ಕ್ಕೆ ಮುಚ್ಚುತ್ತಾರೆ. ನಾಲ್ಕಕ್ಕೆ ಹೋದರೆ ಬೆಳಕು ಚೆನ್ನಾಗಿರುತ್ತದೆ, ಆದರೆ ತೋಟ ಅಥವಾ ಮ್ಯೂಸಿಯಂ, ಎರಡರಲ್ಲಿ ಒಂದೇ ಸರಿಯಾಗಿ ಆಗುತ್ತದೆ. ಸಂಜೆ ಸೊಳ್ಳೆಯೂ ಇರುತ್ತದೆ, ತುಂಬು ತೋಳಿನ ಅಂಗಿ ಹಾಕಿ. ಗಾಂಧೀಜಿಯನ್ನು 1944ರ ಮೇ 6ರಂದು ಬಿಡುಗಡೆ ಮಾಡಿದ್ದೇ ಮಲೇರಿಯಾದಿಂದ ಆರೋಗ್ಯ ಕೆಟ್ಟಿದ್ದಕ್ಕೆ.

ಬರುವುದಕ್ಕೆ ಮೆಟ್ರೋ ವಾಸಿ. ವನಾಜ್–ರಾಮವಾಡಿ ಮಾರ್ಗದಲ್ಲಿ ಕಲ್ಯಾಣಿನಗರ ನಿಲ್ದಾಣದಲ್ಲಿ ಇಳಿಯಿರಿ. ಕಾಲು ಗಟ್ಟಿಯಿದ್ದವರು ನಡೆಯಬಹುದು, ಅಜ್ಜ ಅಜ್ಜಿ ಜೊತೆಗಿದ್ದರೆ ರಿಕ್ಷಾ ಮಾಡಿ. ಈ ಮೆಟ್ರೋ ಅರಮನೆಯ ಮುಂದೆ ನಗರ್ ರೋಡಿನಲ್ಲೇ ಹೋಗಬೇಕಾಗಿತ್ತು. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸದಾಗಿ ಏನನ್ನೂ ಕಟ್ಟಬಾರದೆಂಬ ಕಾನೂನು ಅಡ್ಡಬಂದು, ಮಾರ್ಗವನ್ನು ಕಲ್ಯಾಣಿನಗರದ ಒಳಗಿಂದ ತಿರುಗಿಸಿದರು. ಹಾಗಾಗಿಯೇ ಅರಮನೆಯ ಎದುರು ಕಾಂಕ್ರೀಟ್ ಕಂಬಗಳ ಸಾಲು ನಿಂತಿಲ್ಲ. ನೂರು ಹೆಜ್ಜೆ ಹೆಚ್ಚು ನಡೆದರೂ ಪರವಾಗಿಲ್ಲ, ಒಳ್ಳೆಯದೇ ಆಯಿತು. ನಡೆದು ಬರುವವರು ನಗರ್ ರೋಡನ್ನು ಸಿಗ್ನಲ್ ಇರುವಲ್ಲೇ ದಾಟಬೇಕು, ವಾಹನಗಳು ಅಲ್ಲಿ ವೇಗವಾಗಿ ಬರುತ್ತವೆ.

ಕೊರತೆಗಳೂ ಇವೆ. ಲೋಹಗಾಂವ್ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ವಿಮಾನದ ಸದ್ದು ಆಗಾಗ ತಲೆಯ ಮೇಲೇ ಹಾದುಹೋಗುತ್ತದೆ. ರಸ್ತೆಯ ಹಾರ್ನ್ ತೋಟದ ಮುಂಭಾಗಕ್ಕೆ ಸ್ಪಷ್ಟವಾಗಿ ಕೇಳುತ್ತದೆ, ಒಳಗೆ ಹೋದಂತೆ ಕಡಿಮೆಯಾಗುತ್ತದೆ. ಮೇಲಿನ ಅಂತಸ್ತುಗಳಿಗೆ ಬಿಡುವುದಿಲ್ಲ. ಮ್ಯೂಸಿಯಮ್ಮಿನಲ್ಲಿ ಗಾಂಧೀಜಿಯ ಪಾತ್ರೆ, ಬಟ್ಟೆ, ಚಪ್ಪಲಿಯಂಥ ದಿನಬಳಕೆಯ ವಸ್ತುಗಳು, ಅವರಿದ್ದ ಕೋಣೆ ಇವೆ. ಅವುಗಳ ಮುಂದೆ ನಿಲ್ಲಿ, ಸಾಲುಸಾಲು ಫೋಟೊಗಳನ್ನು ಬೇಗ ದಾಟಬಹುದು. ಟ್ರೈಪಾಡ್ ಬೇಕಿದ್ದರೆ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಅಕ್ಟೋಬರ್ 2, ಜನವರಿ 30ರಂದು ಜನ ಹೆಚ್ಚು, ಅಂದು ಆರಾಮದ ನಡಿಗೆಗೆ ಹೋಗಬೇಡಿ. ವಾರದ ನಡುವಿನ ಬೆಳಗು ಎಲ್ಲಕ್ಕಿಂತ ಉತ್ತಮ.

ಬುತ್ತಿ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಚಾಪೆ ಹಾಸುವ ಯೋಚನೆ ಬೇಡ, ಇದು ಸಂರಕ್ಷಿತ ಸ್ಮಾರಕ. ಬೆಳಗಿನ ತಿಂಡಿ ಗಟ್ಟಿಯಾಗಿ ಮುಗಿಸಿಕೊಂಡು ಬನ್ನಿ, ಮಧ್ಯಾಹ್ನ ಕಲ್ಯಾಣಿನಗರದ ಕಡೆ ತಿರುಗಿದರೆ ಊಟಕ್ಕೆ ತೊಂದರೆಯಿಲ್ಲ.