ಬಿಗಿದ ಪಕ್ಕಲಗಾಮೋ, ಉದ್ದ ಲಗಾಮೋ: ಎಳೆಯ ಗಾಡಿಕುದುರೆಯ ಬೆನ್ನು ಕಟ್ಟಿದ ಬಗೆ

ನಾನು ಕೆಲಸ ಕಲಿತ ಲಾಯದಲ್ಲಿ, ಕತ್ತನ್ನು ಬಿಲ್ಲಿನಂತೆ ಬಾಗಿಸಿ ಮೂತಿಯನ್ನು ಎದೆಯ ಕಡೆಗೆ ಎಳೆದುಕೊಂಡ ಎಳೆಗುದುರೆಯನ್ನು ಗಾಡಿಗೆ ಸಿದ್ಧವೆಂದೇ ಎಣಿಸುತ್ತಿದ್ದರು. ಮೈಸೂರಿನ ಹೊರವಲಯದಲ್ಲಿ ಮಾರ್ವಾಡಿ ಬೆರಕೆಯ ನಾಲ್ಕು ವರ್ಷದ ಹೆಣ್ಣುಕುದುರೆಯನ್ನು ಜಟಕಾಕ್ಕೆ ಅಣಿಗೊಳಿಸುವಾಗ ನಾನೂ ಮೊದಲ ಎಂಟು ವಾರ ಪಕ್ಕಲಗಾಮು ಬಿಗಿದು ಅದೇ ದಾರಿ ಹಿಡಿದೆ. ಆಮೇಲಿನ ಐದು ತಿಂಗಳು, ಹಿಂದೆ ನಡೆಯುತ್ತ ಹಿಡಿಯುವ ಉದ್ದ ಲಗಾಮಿನಲ್ಲಿ ದುಡಿಸಿದೆ. ಹುರುಳಿ, ಕುದುರೆ ಮಸಾಲೆ ಸೊಪ್ಪು, ಒಣಹುಲ್ಲುಗಳ ಅಳತೆಯನ್ನು ಎರಡೂ ಅವಧಿಯಲ್ಲಿ ಬದಲಿಸಲಿಲ್ಲ. ಕುದುರೆ ಈ ನಡುವೆ ಬೆಳೆಯುತ್ತಲೂ ಇತ್ತು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಕಡಿವಾಣದ ಎರಡೂ ಬದಿಯಿಂದ ಬೆನ್ನಪಟ್ಟಿಗೆ ಪಟ್ಟಿ (ಇದೇ ಪಕ್ಕಲಗಾಮು) ಬಿಗಿದು ವೃತ್ತದಲ್ಲಿ ಓಡಿಸುವ ಮೊದಲ ಕ್ರಮದಲ್ಲಿ ಎರಡೇ ವಾರಕ್ಕೆ ನೋಟ ಬದಲಾಯಿತು, ನಾನು ಹಿಗ್ಗಿದ್ದೂ ನಿಜ. ಆದರೆ ಪ್ರತಿ ವಾರ ಒಂದೇ ಜಾಗದಲ್ಲಿ ನಿಲ್ಲಿಸಿ ತೆಗೆದ ಚಿತ್ರಗಳನ್ನು ಆರನೆಯ ವಾರದಲ್ಲಿ ಪಕ್ಕಪಕ್ಕ ಇಟ್ಟಾಗ, ಕತ್ತು ನೆತ್ತಿಯ ಬಳಿ ಬಾಗದೆ ನಡುವೆಯೇ ಮುರಿದಂತೆ ಬಾಗಿರುವುದೂ, ಕತ್ತಿನ ಕೆಳಭಾಗದ ಸ್ನಾಯು ದಪ್ಪಗಾಗಿರುವುದೂ, ಹೆಗಲ ದಿಬ್ಬದ ಹಿಂದೆ ಎರಡೂ ಕಡೆ ಅಂಗೈ ಹುದುಗುವಷ್ಟು ಗುಳಿ ಬಿದ್ದಿರುವುದೂ ಕಂಡಿತು. ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ಮುಟ್ಟುತ್ತಿರಲಿಲ್ಲ, ಅಂದರೆ ಹಿಂಗಾಲು ಮೈಯಡಿಗೆ ಸಾಕಷ್ಟು ಬರುತ್ತಿರಲಿಲ್ಲ.

ಇದಕ್ಕೆ ಕಾರಣ ದೇಹದ ಕಟ್ಟಿನಲ್ಲೇ ಇದೆ. ನೆತ್ತಿಯಿಂದ ಹೆಗಲ ದಿಬ್ಬದವರೆಗೆ ಹಾಯುವ ಗಟ್ಟಿಯಾದ ಅಸ್ಥಿರಜ್ಜು, ಕುದುರೆ ತಲೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿದಾಗ ದಿಬ್ಬದ ಮೂಳೆಮುಳ್ಳುಗಳನ್ನು ಎಳೆದು ಬೆನ್ನನ್ನು ಮೇಲೆತ್ತುತ್ತದೆ; ಹೊಟ್ಟೆಯ ಸ್ನಾಯುಗಳೂ ಒಳಕ್ಕೆ ಬರುವ ಹಿಂಗಾಲುಗಳೂ ಅದಕ್ಕೆ ಆಸರೆಯಾಗುತ್ತವೆ. ಕತ್ತನ್ನು ಹಿಂದಕ್ಕೆ ಕಟ್ಟಿಹಾಕಿದರೆ ಈ ಎಳೆತ ಸಡಿಲುತ್ತದೆ, ಬೆನ್ನು ತಗ್ಗುತ್ತದೆ. ಬೆನ್ನುಮೂಳೆಯ ಬೆಳವಣಿಗೆಯ ಫಲಕಗಳು (ಮೂಳೆ ಬೆಳೆಯುವ ಮೆದು ಪದರಗಳು) ಐದು ವರ್ಷ ದಾಟಿದ ಮೇಲಷ್ಟೇ ಪೂರ್ತಿ ಮುಚ್ಚುವುದರಿಂದ, ನಾಲ್ಕರ ಕುದುರೆಗೆ ಇದು ಸಣ್ಣ ತಪ್ಪಲ್ಲ.

ಎರಡನೆಯ ಕ್ರಮದಲ್ಲಿ ಎಂಟು ಮೀಟರಿನ ಎರಡು ಲಗಾಮುಗಳನ್ನು ಬೆನ್ನಪಟ್ಟಿಯ ಬಳೆಗಳ ಮೂಲಕ ಹಾಯಿಸಿ, ಹಿಂದೆ ನಡೆಯುತ್ತ ವಾರಕ್ಕೆ ನಾಲ್ಕು ದಿನ ಇಪ್ಪತ್ತೈದು ನಿಮಿಷ ನಡೆಸಿದೆ. ಆರಂಭ ಕಷ್ಟದ್ದಾಗಿತ್ತು: ಲಗಾಮು ಬಾಲದಡಿ ಸಿಕ್ಕಿ ಅದು ಎರಡು ಸಲ ಒದೆಯಿತು, ತಲೆ ಮುಗಿಲಿಗೇ ಇತ್ತು. 20 ಮೀಟರಿಗಿಂತ ಕಿರಿದಾದ ವೃತ್ತ ಕೀಲುಗಳಿಗೆ ಹೊರೆಯೆಂದು ಅದನ್ನು ತಪ್ಪಿಸಿ, ನೆಲದಲ್ಲಿ 85 ಸೆಂಟಿಮೀಟರ್ ಅಂತರದ ನಾಲ್ಕು ಬಿದಿರುಗಳ ಮೇಲೆ ನಡಿಗೆಯಲ್ಲಿಯೂ, ಅಂತರ 1.2 ಮೀಟರಿಗೆ ಹೆಚ್ಚಿಸಿ ಟ್ರಾಟ್ ಎಂಬ ನಿಧಾನ ಓಟದಲ್ಲಿಯೂ ದಾಟಿಸಿದೆ. ಕಾಲಿಡುವ ಜಾಗವನ್ನು ತಾನೇ ನೋಡಿಕೊಳ್ಳಬೇಕಾದ ಕುದುರೆ ಯಾರೂ ಎಳೆಯದೆ ಕತ್ತು ಇಳಿಸುತ್ತದೆ, ಆಗ ಕೈ ಸಡಿಲಿಸುವುದೇ ಲಗಾಮು ಹಿಡಿದವನ ಕೆಲಸ. ಮೂರನೆಯ ತಿಂಗಳಿನಿಂದ ಎದೆಪಟ್ಟಿಗೆ ಹಳೆಯ ಸ್ಕೂಟರ್ ಟಯರು ಕಟ್ಟಿ ಹಗುರವಾದ ಏರಿನಲ್ಲಿ ನಡೆಸಿದ್ದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತೆಂದು ನನಗನ್ನಿಸುತ್ತದೆ, ಏಕೆಂದರೆ ಗಾಡಿಯ ಕುದುರೆ ಹೆಗಲೆತ್ತಿ, ಹಿಂಗಾಲಿನಿಂದ ತಳ್ಳಿ ಎಳೆಯಬೇಕು.

ಪಕ್ಕಲಗಾಮು ನೋಟವನ್ನು ಬೇಗ ಕೊಟ್ಟಿತು, ಉದ್ದ ಲಗಾಮು ತಿಂಗಳುಗಳನ್ನು ಬೇಡಿತು. ಐದನೆಯ ತಿಂಗಳ ಕೊನೆಯಲ್ಲಿ, ಗುಳಿ ತುಂಬಲೆಂದು ಬೆನ್ನಪಟ್ಟಿಯ ಅಡಿಯಲ್ಲಿ ಮಡಿಸಿಡುತ್ತಿದ್ದ ಕಂಬಳಿಯನ್ನು ತೆಗೆದಿಟ್ಟು, ಪಟ್ಟಿಯನ್ನು ಒಂದು ತೂತಿನಷ್ಟು ಸಡಿಲಿಸಿ, ಖಾಲಿ ಜಟಕಾಕ್ಕೆ ಅದನ್ನು ಮೊದಲ ಬಾರಿ ಹೂಡಿದೆ.