ಮಾಲೂರಿನ ಭಟ್ಟಿ, ನರಸಾಪುರದ ರೂಮು: ಹೊರರಾಜ್ಯದ ಕಾರ್ಡಿಗೆ ಪಡಿತರ ಕೊಡುವ ಸೇವೆ ಹೇಗಿದೆ?

ಬಿಹಾರದ ರೇಷನ್ ಕಾರ್ಡಿಗೆ ಕೋಲಾರದ ಸೊಸೈಟಿಯಲ್ಲಿ ಅಕ್ಕಿ ಸಿಗುತ್ತದೆ. ಒಡಿಶಾದ ಕಾರ್ಡಿಗೂ ಸಿಗುತ್ತದೆ. ಇದು ಗೊತ್ತಿಲ್ಲದವರು ಇನ್ನೂ ಬಹಳ ಜನ ಇದ್ದಾರೆ, ಕಾರ್ಡು ಇರುವವರಲ್ಲೂ ಅಂಗಡಿ ನಡೆಸುವವರಲ್ಲೂ. 'ಒಂದು ದೇಶ ಒಂದು ಪಡಿತರ ಚೀಟಿ' ಎಂಬ ಈ ಸೇವೆಗೆ ಕರ್ನಾಟಕ 2020ರ ಜನವರಿಯಲ್ಲಿ ಸೇರಿತು. ಬಿಹಾರ ಅದೇ ವರ್ಷ ಮೇ ತಿಂಗಳಲ್ಲಿ, ಒಡಿಶಾ ಜೂನ್‌ನಲ್ಲಿ ಬಂದವು. ಕೊನೆಗೆ ಸೇರಿದ್ದು ಅಸ್ಸಾಂ, 2022ರ ಜೂನ್‌ನಲ್ಲಿ. ಕಾಗದದ ಮೇಲೆ ಈಗ ಇಡೀ ದೇಶ ಒಳಗಿದೆ. ಕೋಲಾರ ಜಿಲ್ಲೆಯಲ್ಲಿ ಇದರ ಅಗತ್ಯ ಹೆಚ್ಚಿರುವ ಎರಡು ಸಮುದಾಯಗಳಿಗೆ ಈ ಸೇವೆ ಎಷ್ಟು ದಕ್ಕುತ್ತಿದೆ, ಎಲ್ಲಿ ತಪ್ಪುತ್ತಿದೆ ಎನ್ನುವುದೇ ಈ ವಿಮರ್ಶೆ.

ಮೊದಲನೆಯವರು ಮಾಲೂರು ಕಡೆಯ ಇಟ್ಟಿಗೆ ಭಟ್ಟಿಗಳಿಗೆ ಬರುವ ಪಶ್ಚಿಮ ಒಡಿಶಾದ ಕುಟುಂಬಗಳು. ಎರಡನೆಯವರು ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಸುತ್ತ ರೂಮು ಮಾಡಿಕೊಂಡಿರುವ ಬಿಹಾರದ ಹುಡುಗರು. ಊರಿನವರ ಬಾಯಲ್ಲಿ ಇಬ್ಬರೂ 'ಹಿಂದಿಯವರು'. ಆದರೆ ಒಬ್ಬರ ಬದುಕಿಗೂ ಇನ್ನೊಬ್ಬರ ಬದುಕಿಗೂ ಹೋಲಿಕೆ ಕಡಿಮೆ. ಈ ಸೇವೆಯ ಗುಣದೋಷ ಅರ್ಥವಾಗಬೇಕಾದರೆ ಆ ವ್ಯತ್ಯಾಸವನ್ನೇ ಮೊದಲು ನೋಡಬೇಕು.

ಒಡಿಶಾದ ಬಲಾಂಗೀರ್, ನುವಾಪಡ ಕಡೆಯವರು ನುವಾಖಾಯಿ ಹಬ್ಬ ಮುಗಿಸಿ, ಮಳೆಗಾಲ ಕಳೆದ ಮೇಲೆ ಹೊರಡುತ್ತಾರೆ, ಮುಂದಿನ ಮಳೆ ಬೀಳುವ ಮುಂಚೆ ವಾಪಸು. ಹೊರಡುವ ಮೊದಲೇ ಸರ್ದಾರನ, ಅಂದರೆ ಕೆಲಸಕ್ಕೆ ಜನ ಕರೆತರುವ ಮೇಸ್ತ್ರಿಯ, ಕೈಯಿಂದ ಮುಂಗಡ ತೆಗೆದುಕೊಂಡಿರುತ್ತಾರೆ. ಆ ಕಡೆ ಅದಕ್ಕೆ 'ದಾದನ್' ಎನ್ನುತ್ತಾರೆ. ಗಂಡ, ಹೆಂಡತಿ ಮತ್ತು ಕೈಗೆ ಬಂದ ಒಂದು ಮಗು ಸೇರಿದರೆ ಒಂದು 'ಪಥುರಿಯಾ', ಅಂದರೆ ಕೆಲಸದ ಒಂದು ಘಟಕ. ಕೂಲಿ ದಿನದ ಲೆಕ್ಕದಲ್ಲಲ್ಲ, ಸಾವಿರ ಇಟ್ಟಿಗೆಗೆ ಇಷ್ಟು ಎಂದು. ವಾರಕ್ಕೊಮ್ಮೆ ಊಟದ ಖರ್ಚಿಗೆ 'ಖೊರಾಕಿ' ಎಂದು ಸ್ವಲ್ಪ ದುಡ್ಡು ಸಿಗುತ್ತದೆ. ಅದೂ ಮುಂಗಡದ ಖಾತೆಗೇ ಬೀಳುತ್ತದೆ. ಸೀಸನ್ ಮುಗಿದಾಗ ಹೊಡೆದ ಇಟ್ಟಿಗೆಯ ಲೆಕ್ಕದಿಂದ ಮುಂಗಡ, ಖೊರಾಕಿ ಎರಡನ್ನೂ ಕಳೆದು ಉಳಿದದ್ದು ಕೈಗೆ. ಕೆಲವರಿಗೆ ಉಳಿಯುವುದೇ ಇಲ್ಲ. ಮುಂಗಡ ತೀರಿಲ್ಲ ಎಂದು ಯಾರನ್ನೂ ಹಿಡಿದಿಟ್ಟುಕೊಳ್ಳುವಂತಿಲ್ಲ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಇರುವುದೇ ಅದಕ್ಕೆ. ಆದರೆ ಭಾಷೆ ಬಾರದ ಊರಲ್ಲಿ, ಊರಾಚೆಯ ಶೆಡ್ಡಿನಲ್ಲಿ ಇರುವವರಿಗೆ ಕಾಯ್ದೆ ಹೇಳುವವರು ಯಾರು?

ಬಿಹಾರದ ಹುಡುಗನ ದಾರಿ ಬೇರೆ. ಅವನು ಒಬ್ಬನೇ ಬಂದಿರುತ್ತಾನೆ. ಒಂದು ರೂಮಿನಲ್ಲಿ ನಾಲ್ಕೈದು ಜನ, ಬಾಡಿಗೆ ಹಂಚಿಕೊಂಡು. ಗುತ್ತಿಗೆದಾರನ ಮೂಲಕವೇ ಸೇರಿದ್ದರೂ ತಿಂಗಳ ಸಂಬಳ ಬ್ಯಾಂಕಿಗೆ ಬರುತ್ತದೆ, ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಕಡಿತವಾಗುತ್ತದೆ. ಕಾಯಿಲೆ ಬಿದ್ದರೆ ಇಎಸ್‌ಐ ಆಸ್ಪತ್ರೆಯ ಬಾಗಿಲು ತಟ್ಟಬಹುದು. ಸಂಬಳದ ದಿನವೇ ಫೋನಿನಿಂದ ಊರಿಗೆ ದುಡ್ಡು ಹಾಕುತ್ತಾನೆ. ಅವನ ಕಷ್ಟ ಶಿಫ್ಟು, ಓಟಿ, ಗುತ್ತಿಗೆ ಯಾವಾಗ ಮುಗಿಯುತ್ತದೋ ಎಂಬ ಭಯ. ಭಟ್ಟಿಯವರ ಕಷ್ಟ ಸಾಲ. ಎರಡೂ ಕಷ್ಟವೇ, ಆದರೆ ಒಂದೇ ತೂಕದವಲ್ಲ.

ಈಗ ಸೇವೆಗೆ ಬರೋಣ. ಆಹಾರ ಭದ್ರತಾ ಕಾಯ್ದೆಯ ಆದ್ಯತಾ ಕಾರ್ಡಿದ್ದರೆ ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕಾರ್ಡಿದ್ದರೆ ಮನೆಗೆ 35 ಕೆಜಿ. 2023ರ ಜನವರಿಯಿಂದ ಪೂರ್ತಿ ಉಚಿತ. ಹೊರರಾಜ್ಯದವರಿಗೆ ಸಿಗುವುದು ಕೇಂದ್ರದ ಪಾಲು ಮಾತ್ರ; ಅನ್ನಭಾಗ್ಯದಲ್ಲಿ ನಮ್ಮ ರಾಜ್ಯ ಸೇರಿಸಿ ಕೊಡುವುದು ಅವರಿಗೆ ಇಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಪಕ್ಕದ ಶೆಡ್ಡಿನಲ್ಲೇ ಇರುವವರಿಗೆ ಕರ್ನಾಟಕದ ಕಾರ್ಡು ಇರುವುದರಿಂದ ಆ ಪಾಲೂ ಸಿಗುತ್ತದೆ. 'ಅವರಿಗೆ ಅಷ್ಟು, ನಮಗೆ ಯಾಕೆ ಇಷ್ಟು' ಎಂಬ ಜಗಳ ಅಂಗಡಿ ಮುಂದೆ ಏಳುವುದು ಇದಕ್ಕೇ. ಡೀಲರು ಕದ್ದಿರುವುದಿಲ್ಲ, ಲೆಕ್ಕವೇ ಹಾಗಿದೆ.

ಅಂಗಡಿಗೆ ಕಾರ್ಡು ಒಯ್ಯಲೇಬೇಕೆಂದಿಲ್ಲ. ಕಾರ್ಡಿನ ನಂಬರೋ ಆಧಾರ್ ನಂಬರೋ ಇದ್ದರೆ ಸಾಕು. ಡೀಲರು ಪಿಒಎಸ್ ಯಂತ್ರದಲ್ಲಿ (ಬೆರಳಚ್ಚು ಓದಿ ಪಡಿತರ ದಾಖಲಿಸುವ ಯಂತ್ರ) ಹೊರರಾಜ್ಯದ ಕಾರ್ಡಿನ ಆಯ್ಕೆ ತೆಗೆದು ನಂಬರ್ ಹಾಕಿದರೆ ಮನೆಯವರ ಹೆಸರಿನ ಪಟ್ಟಿ ಬರುತ್ತದೆ. ಎದುರಿಗೆ ನಿಂತವರ ಹೆಸರು ಆರಿಸಿ ಬೆರಳು ಒತ್ತಿಸಬೇಕು. ಬೆರಳು ತಾಳೆಯಾದರೆ ಆ ತಿಂಗಳಲ್ಲಿ ಎಷ್ಟು ಬಾಕಿ ಇದೆ ಎಂದು ಪರದೆಯಲ್ಲಿ ಕಾಣುತ್ತದೆ. ಎಷ್ಟು ಕೆಜಿ ಬೇಕು ಎಂದು ಈ ಹಂತದಲ್ಲಿ ಬಾಯಿ ಬಿಟ್ಟು ಹೇಳಬೇಕು. ಹೇಳದೆ ಸುಮ್ಮನಿದ್ದರೆ ಡೀಲರು ತನಗೆ ತೋಚಿದ್ದನ್ನು ಒತ್ತುತ್ತಾನೆ, ಮುಂದಿನ ತೊಂದರೆ ಅಲ್ಲಿಂದಲೇ ಶುರು. ಚೀಟಿ ಕೇಳಿ ಪಡೆಯಿರಿ, ಅದರಲ್ಲಿ ಬರೆದ ಕೆಜಿಯೂ ಚೀಲದ ಕೆಜಿಯೂ ಒಂದೇ ಇರಬೇಕು. ಗಾಡಿ ಬಾಡಿಗೆ, ಹಮಾಲಿ ಎಂದು ಹತ್ತು ಇಪ್ಪತ್ತು ಕೇಳಿದರೆ ಕೊಡಬೇಕಾಗಿಲ್ಲ.

ಬಿಹಾರದ ಹುಡುಗರಿಗೆ ಈ ಸೇವೆ ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕಾರ್ಡು ಮನುಷ್ಯನದಲ್ಲ, ಮನೆಯದು. ಐದು ಜನರ ಮನೆಗೆ 25 ಕೆಜಿ ಎಂದಿಟ್ಟುಕೊಳ್ಳಿ. ಊರಲ್ಲಿ ತಾಯಿ ತಿಂಗಳ ಮೊದಲ ವಾರದಲ್ಲೇ ಥಂಬ್ ಕೊಟ್ಟು 25 ಕೆಜಿಯನ್ನೂ ಎತ್ತಿದ್ದರೆ, ಇಲ್ಲಿ ಮಗನ ಹೆಸರಿನ ಮುಂದೆ ಸೊನ್ನೆ ಬರುತ್ತದೆ. ಡೀಲರು 'ಬರಲ್ಲ ಹೋಗಪ್ಪ' ಎನ್ನುತ್ತಾನೆ, ಹುಡುಗ ತನ್ನ ಕಾರ್ಡೇ ರದ್ದಾಗಿದೆ ಎಂದುಕೊಂಡು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಇದಕ್ಕೆ ಔಷಧ ಒಂದು ಫೋನ್ ಕರೆ: ಊರಲ್ಲಿ 20 ಕೆಜಿ ಮಾತ್ರ ಎತ್ತಲು ಹೇಳಿ, 5 ಕೆಜಿ ಇಲ್ಲಿಗೆ ಬಿಡಿಸಿಕೊಳ್ಳಬೇಕು. ಬಾಕಿ ಎಷ್ಟಿದೆ ಎಂದು 'ಮೇರಾ ರೇಷನ್' ಆ್ಯಪಿನಲ್ಲಿ ನೋಡಿಕೊಂಡು ಹೊರಟರೆ ಅಂಗಡಿಗೆ ಸುಮ್ಮನೆ ತಿರುಗುವುದು ತಪ್ಪುತ್ತದೆ.

ಆದರೆ ಆ 5 ಕೆಜಿ ಅವನಿಗೆ ಎಷ್ಟು ಬಾಳುತ್ತದೆ? 2023ರ ಜುಲೈಯಲ್ಲಿ ನಮ್ಮ ರಾಜ್ಯ ಸರ್ಕಾರ ಹೆಚ್ಚುವರಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ದುಡ್ಡು ಹಾಕತೊಡಗಿತ್ತು (2025ರಲ್ಲಿ ಅದು ನಿಂತಿತು). ಆ ದರದಲ್ಲಿ 5 ಕೆಜಿ ಎಂದರೆ 170 ರೂಪಾಯಿ. ಅದಕ್ಕಾಗಿ ಒಂದು ಓಟಿ ಬಿಟ್ಟು ಕ್ಯೂ ನಿಂತರೆ ನಷ್ಟ. ಜೊತೆಗೆ ಅವನು ಅಕ್ಕಿ, ಗೋಧಿ ಎರಡೂ ಉಣ್ಣುವವನು. ರೊಟ್ಟಿ ಇಲ್ಲದ ರಾತ್ರಿ ಅವನಿಗೆ ಊಟವಲ್ಲ. ಯಾವ ರಾಜ್ಯದ ಅಂಗಡಿಯಲ್ಲಿ ನಿಂತಿದ್ದಾನೋ ಅಲ್ಲಿ ಕೊಡುವ ಧಾನ್ಯವೇ ಸಿಗುವುದು. ನಮ್ಮಲ್ಲಿ ಸಾಮಾನ್ಯವಾಗಿ ಅಕ್ಕಿ, ಕೆಲವು ತಿಂಗಳು ರಾಗಿ. ಮುದ್ದೆ ತಿರುವಲು ಬಾರದವನಿಗೆ ರಾಗಿ ಕೊಟ್ಟರೆ ಅದು ರೂಮಿನ ಮೂಲೆಯಲ್ಲೇ ಕೂರುತ್ತದೆ. ಅಟ್ಟು ಉಣ್ಣಲು ಗ್ಯಾಸೂ ಬೇಕು: 5 ಕೆಜಿಯ ಸಣ್ಣ ಸಿಲಿಂಡರಿಗೆ ವಿಳಾಸದ ದಾಖಲೆ ಕೇಳುವುದಿಲ್ಲ, ಒಂದು ಗುರುತಿನ ಚೀಟಿ ಸಾಕು. ರೂಮಿನ ನಾಲ್ವರೂ ತಮ್ಮ ಪಾಲು ಎತ್ತಿ ಒಟ್ಟು 20 ಕೆಜಿ ಮಾಡಿಕೊಂಡು ಒಂದೇ ಒಲೆಯಲ್ಲಿ ಬೇಯಿಸಿದರೆ ಮಾತ್ರ ಈ ಸೇವೆ ಅವರಿಗೆ ಲಾಭ. ಹಾಗೆ ಮಾಡಿಕೊಂಡ ರೂಮುಗಳಲ್ಲಿ ಶಿಫ್ಟ್ ಇಲ್ಲದವನು ಎಲ್ಲರ ಚೀಲ ತರಬಹುದು ಎಂದುಕೊಳ್ಳುತ್ತಾರೆ, ಅದು ಆಗದು. ಕಾರ್ಡು ಬೇರೆ ಬೇರೆ ಮನೆಯದು, ಅವರವರ ಬೆರಳೇ ಬೇಕು.

ಭಟ್ಟಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಇಡೀ ಸಂಸಾರ ಇಲ್ಲಿದ್ದರೆ ಊರಲ್ಲಿ ಎತ್ತುವವರು ಇರುವುದಿಲ್ಲ. ನಾಲ್ಕು ಜನರ ಕಾರ್ಡಾದರೆ 20 ಕೆಜಿಯೂ ಇಲ್ಲೇ ಬೇಕು, ಒಂದೇ ಸಲವೋ ಕಂತಿನಲ್ಲೋ. ಅದೇ 34 ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 680. ನವೆಂಬರಿನಿಂದ ಮೇವರೆಗೆ ಏಳು ತಿಂಗಳಿಗೆ 4,760 ರೂಪಾಯಿ. ಇದು ಬರೀ ಉಳಿತಾಯವಲ್ಲ. ಮಣ್ಣು ತುಳಿದು ಇಟ್ಟಿಗೆ ಹೊಡೆಯುವ ಮೈಗೆ ದಿನಕ್ಕೆ ಅರ್ಧ ಕೆಜಿಗೂ ಮೀರಿ ಅಕ್ಕಿ ಬೇಕು, ಅದನ್ನು ಖೊರಾಕಿ ದುಡ್ಡಿನಲ್ಲಿ ಅಥವಾ ಹತ್ತಿರದ ಅಂಗಡಿಯ ಸಾಲದಲ್ಲಿ ತರುತ್ತಾರೆ. ಸೊಸೈಟಿಯಿಂದ ಬಂದ ಒಂದೊಂದು ಕೆಜಿಯೂ ಸರ್ದಾರನ ಪುಸ್ತಕದಲ್ಲಿ ಬೀಳುವ ಬರಹವನ್ನು ಅಷ್ಟು ಕಡಿಮೆ ಮಾಡುತ್ತದೆ. ಮೇ ತಿಂಗಳಲ್ಲಿ ಬರಿಗೈಯಲ್ಲಿ ಹೋಗುವುದಕ್ಕೂ ಸ್ವಲ್ಪ ದುಡ್ಡು ಹಿಡಿದು ಹೋಗುವುದಕ್ಕೂ ನಡುವೆ ಇರುವುದು ಎಷ್ಟೋ ಸಲ ಇಷ್ಟೇ ಮೊತ್ತ.

ಹಾಗಿದ್ದೂ ಇವರಿಗೇ ಇದು ಸರಿಯಾಗಿ ತಲುಪುತ್ತಿಲ್ಲ ಎನ್ನುವುದು ಈ ಸೇವೆಯ ದೊಡ್ಡ ದೋಷ. ಭಟ್ಟಿ ಇರುವುದು ಊರಾಚೆ, ಸೊಸೈಟಿ ಊರೊಳಗೆ. ಕಾರ್ಡು, ಆಧಾರ್ ಎಷ್ಟೋ ಸಲ 'ಜೋಪಾನಕ್ಕೆ' ಎಂದು ಸರ್ದಾರನ ಬಳಿ ಇರುತ್ತದೆ. ಅದಕ್ಕೇ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಸೆರಗಿನಲ್ಲಿ ಕಟ್ಟಿಕೊಂಡರೂ ಸಾಕು ಎಂದು ಹೇಳುವುದು, ಯಂತ್ರಕ್ಕೆ ಬೇಕಾದ್ದು ನಂಬರು ಮತ್ತು ಬೆರಳು ಮಾತ್ರ.

ಆ ಬೆರಳೇ ಮುಖ್ಯ ತೊಡಕು. ಅಚ್ಚು ಹೊಡೆಯುವವರು ಹಸಿ ಮಣ್ಣಿನ ಮುದ್ದೆ ಎತ್ತಿ, ಮರಳು ಚೆಲ್ಲಿದ ಅಚ್ಚಿಗೆ ಬಡಿದು, ಅಂಗೈಯಿಂದ ಮೇಲೆ ಸವರುತ್ತಾರೆ. ದಿನಕ್ಕೆ ನೂರಾರು ಸಲ. ಮರಳು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಎರಡು ತಿಂಗಳಿಗೆ ಹೆಬ್ಬೆರಳು, ತೋರುಬೆರಳಿನ ಗೆರೆ ಸವೆದು ತುದಿ ನುಣ್ಣಗಾಗುತ್ತದೆ, ಇಲ್ಲವೇ ಸೀಳು ಬಿಡುತ್ತದೆ. ಯಂತ್ರ ಓದುವುದು ಗೆರೆಯನ್ನು, ಅದೇ ಇಲ್ಲದಿದ್ದರೆ ಒಪ್ಪುವುದಿಲ್ಲ. ಡೀಲರು ಮತ್ತೆ ಮತ್ತೆ ಹೆಬ್ಬೆರಳನ್ನೇ ಒತ್ತಿಸುತ್ತಾನೆ. ಹತ್ತು ಬೆರಳಲ್ಲಿ ಯಾವುದಾದರೂ ಆಗುತ್ತದೆ. ಎಡಗೈಯ ಉಂಗುರದ ಬೆರಳು, ಕಿರುಬೆರಳು ಕಡಿಮೆ ಸವೆದಿರುತ್ತವೆ, ಅವನ್ನು ಮೊದಲು ಇಡಬೇಕು. ಹಿಂದಿನ ರಾತ್ರಿ ಸೋಪಿನಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡು ಹೋದರೆ ಸೀಳಿದ ಚರ್ಮ ಮೆತ್ತಗಾಗಿ ಗೆರೆ ಸ್ವಲ್ಪ ಏಳುತ್ತದೆ. ಎಣ್ಣೆ ಉಳಿದಿದ್ದರೆ ಮಾತ್ರ ಗಾಜು ಮಸುಕಾಗಿ ಮತ್ತೆ ಕೆಡುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ: ಕಾರ್ಡಿನಲ್ಲಿರುವ ಯಾರಾದರೂ ಒಬ್ಬರ ಬೆರಳು ಸಾಕು. ಅಚ್ಚಿಗೆ ಕೈ ಹಾಕದ ಅಜ್ಜಿಯೋ, ಅಡುಗೆ ನೋಡಿಕೊಳ್ಳುವ ಹುಡುಗಿಯೋ ಬಂದರೆ ಒಂದೇ ಸಲಕ್ಕೆ ಆಗಿಹೋಗುತ್ತದೆ. ಐದು ವರ್ಷದೊಳಗಿನ ಮಗುವಿನ ಆಧಾರ್‌ನಲ್ಲಿ ಬೆರಳಚ್ಚೇ ಇರುವುದಿಲ್ಲ, ಅದನ್ನು ಎತ್ತಿಕೊಂಡು ಹೋಗಿ ಪ್ರಯೋಜನವಿಲ್ಲ.

ಇನ್ನೊಂದು ಅಡ್ಡಿ ಇ-ಕೆವೈಸಿ, ಅಂದರೆ ಕಾರ್ಡಿನಲ್ಲಿರುವವರ ಗುರುತನ್ನು ಆಧಾರ್ ಮೂಲಕ ಖಚಿತಪಡಿಸುವುದು. ಅದು ಬಾಕಿ ಇದ್ದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುವ ಅಪಾಯವಿದೆ. ಅದಕ್ಕಾಗಿ ಬಲಾಂಗೀರಿಗೆ ಟಿಕೆಟ್ ತೆಗೆಸಬೇಕಿಲ್ಲ. ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಮಾಡಿಸಲು ಅವಕಾಶವಿದೆ. ಕಾರ್ಡೇ ಕೇಂದ್ರದ ಪಟ್ಟಿಯಲ್ಲಿ ಇಲ್ಲದೆ ಅವರ ರಾಜ್ಯದ ಸ್ವಂತ ಯೋಜನೆಯದ್ದಾದರೆ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ಪರಿಹಾರವಿಲ್ಲ.

ಅಕ್ಕಿಯ ಬಗ್ಗೆಯೂ ಎರಡು ಮಾತು. ಒಡಿಶಾದವರು ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ 'ಪಖಾಳ' ಉಣ್ಣುವವರು, ಬಿಸಿಲಿನ ಕೆಲಸಕ್ಕೆ ಅದೇ ಆಧಾರ. ಅದಕ್ಕೆ ಕುಸುಬಲಕ್ಕಿ ಚೆನ್ನ. ಬೆಳ್ತಿಗೆ ಅಕ್ಕಿ ಬಂದ ತಿಂಗಳು ಅನ್ನ ನೀರಿನಲ್ಲಿ ಕರಗಿ ಗಂಜಿಯಾಗುತ್ತದೆ, ಒಂದು ಕುದಿ ಮುಂಚೆಯೇ ಬಸಿದರೆ ಸರಿಹೋಗುತ್ತದೆ. ಅಕ್ಕಿಯ ನಡುವೆ ಬಣ್ಣ ಸ್ವಲ್ಪ ಬೇರೆ ಇರುವ, ತೊಳೆಯುವಾಗ ತೇಲುವ ಕಾಳು ಕಂಡರೆ ಎರಡೂ ಸಮುದಾಯದವರು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆಯುತ್ತಾರೆ. ಅದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಸಾರವರ್ಧಿತ ಕಾಳು; ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ, 5 ಕೆಜಿಯಲ್ಲಿ ಸುಮಾರು 50 ಗ್ರಾಂ. ರಕ್ತ ಕಡಿಮೆ ಇರುವ ಹೆಂಗಸರು, ಮಕ್ಕಳಿಗೆ ಬೇಕಾದದ್ದೇ ಅದು. ದಯವಿಟ್ಟು ಎಸೆಯಬೇಡಿ.

'ಸ್ಟಾಕ್ ಇಲ್ಲ' ಎಂಬ ಮಾತು ತಿಂಗಳ ಕೊನೆಯಲ್ಲಿ ನಿಜವೂ ಇರಬಹುದು. ಅಂಗಡಿಗೆ ಮುಂಚೆಯೇ ಲೆಕ್ಕ ಹಾಕಿ ಕಳಿಸಿದ ಮೂಟೆಯಲ್ಲಿ ಹೊಸದಾಗಿ ಬಂದ ಭಟ್ಟಿಯವರ ಪಾಲು ಇರುವುದಿಲ್ಲ. ಅದಕ್ಕೆ ಮೊದಲ ಹದಿನೈದು ದಿನದೊಳಗೆ ಹೋಗುವುದು ಕ್ಷೇಮ. ಡೀಲರುಗಳಿಗೂ ಒಂದು ಮಾತು: ಕಮಿಷನ್ ಬರುವುದು ಕ್ವಿಂಟಾಲ್ ಲೆಕ್ಕದಲ್ಲಿ, ಒಡಿಶಾದವರ ಅಕ್ಕಿಗೂ ನಿಮಗೆ ಅಷ್ಟೇ ಬರುತ್ತದೆ. ಕನ್ನಡ, ತೆಲುಗು ಎರಡರಲ್ಲೂ ಗಿರಾಕಿಯನ್ನು ಮಾತಾಡಿಸಿ ಕಳಿಸುವ ಕೋಲಾರದ ಅಂಗಡಿಗೆ ಇವರೊಡನೆ ನಾಲ್ಕು ಮಾತು ಕಷ್ಟವಾಗಬಾರದು. ತಕರಾರಿದ್ದರೆ 14445ಕ್ಕೆ ಅಥವಾ ರಾಜ್ಯದ 1967ಕ್ಕೆ ಕರೆ ಮಾಡಬಹುದು, ತಾಲ್ಲೂಕು ಕಚೇರಿಯ ಆಹಾರ ನಿರೀಕ್ಷಕರನ್ನೂ ಕಾಣಬಹುದು.

ಹತ್ತಕ್ಕೆ ಅಂಕ ಕೊಡಬೇಕೆಂದರೆ ನರಸಾಪುರದ ಹುಡುಗರ ಪಾಲಿಗೆ ಈ ಸೇವೆಗೆ 6. ಉಪಯೋಗ ಸಣ್ಣದು, ಆದರೆ ಮನಸ್ಸು ಮಾಡಿದರೆ ಸಿಗುತ್ತದೆ. ಮಾಲೂರಿನ ಭಟ್ಟಿಯವರ ಪಾಲಿಗೆ 3. ಉಪಯೋಗ ದೊಡ್ಡದು, ಸಿಗುವ ದಾರಿ ಮಾತ್ರ ಕಲ್ಲುಮುಳ್ಳು. ತಿಂಗಳಿಗೆ ಒಂದು ದಿನ, ಭಟ್ಟಿಗೆ ಬಿಡುವಿರುವ ಹೊತ್ತಿನಲ್ಲಿ, ಕಣ್ಣಿನ ಪಾಪೆ ಓದುವ ಸ್ಕ್ಯಾನರ್ ಸಮೇತ ಯಂತ್ರವನ್ನೂ ಮೂಟೆಯನ್ನೂ ಶೆಡ್ಡಿನ ಹತ್ತಿರಕ್ಕೆ ಒಯ್ದರೆ ಆ 3 ಸಲೀಸಾಗಿ 8 ಆಗುತ್ತದೆ.

ಸೀಸನ್ ಮುಗಿಸಿ ಹೊರಡುವವರು ಮೇ ತಿಂಗಳ ಪಾಲನ್ನು ಇಲ್ಲೇ ಎತ್ತಿಬಿಡಿ. ಹೋದ ತಿಂಗಳ ಬಾಕಿ ಮುಂದಿನ ತಿಂಗಳಿಗೆ ಸಿಗುತ್ತದೆಂದು ನಂಬಿ ಕೂರಬೇಡಿ. ಜೂನ್‌ದು ಊರಿನ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕಾಗಿ ಇಲ್ಲಿ ಯಾವ ಅರ್ಜಿಯನ್ನೂ ಕೊಡಬೇಕಾಗಿಲ್ಲ.