ಗೊಂಬೆ ಕೂರಿಸುವ ಮನೆಯವನ ಟ್ರೋಫಿ ಕೋಣೆ: ಟೆರೇರಿಯಾ, ಮೈನ್‌ಕ್ರಾಫ್ಟ್, ಸ್ಕೈರಿಮ್

ಆಟದಲ್ಲಿ ಗೆದ್ದದ್ದನ್ನೆಲ್ಲ ಜೋಡಿಸಿಡುವ ಟ್ರೋಫಿ ಕೋಣೆಗೆ ಈ ಮೂರು ವಿಡಿಯೋ ಗೇಮ್‌ಗಳಲ್ಲಿ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೆರೇರಿಯಾಗೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ನಲ್ಲಿ 300 ರೂಪಾಯಿಯೊಳಗೆ ತೆಗೆದುಕೊಂಡ ಆಟ. ಮೂರು ವರ್ಷದಿಂದ ಅದರಲ್ಲಿ ಟ್ರೋಫಿ ಮನೆ ಕಟ್ಟುತ್ತಾ ಬಂದಿದ್ದೇನೆ. ಉಳಿದ ಎರಡಕ್ಕೂ ಇದಕ್ಕಿಂತ ಜಾಸ್ತಿ ದುಡ್ಡು ಹೋಗಿದೆ, ಇಷ್ಟು ಖುಷಿ ಸಿಕ್ಕಿಲ್ಲ.

ನಾನು ಗ್ರಾಫಿಕ್ಸ್ ನೋಡುವವನಲ್ಲ. ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆ. ಅಟ್ಟದಿಂದ ಟ್ರಂಕ್ ಇಳಿಸುವುದು, ಹಳೇ ಸೀರೆ ಚೂರಿನಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚುವುದು, ಮೆಟ್ಟಿಲು ಜೋಡಿಸಿ ಬಿಳಿ ಪಂಚೆ ಹಾಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಮೆಟ್ಟಿಲು ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯೇ ಆಗಬೇಕು. ಪಟ್ಟದ ಗೊಂಬೆ ರಾಜ ರಾಣಿ ಮೇಲೆ. ಅಷ್ಟು ಬಿಟ್ಟರೆ ಮಿಕ್ಕಿದ್ದೆಲ್ಲ ಅಮ್ಮನ ಇಷ್ಟ. ಒಂದು ವರ್ಷ ಮದುವೆ ದಿಬ್ಬಣ ಮುಂದೆ ಇರುತ್ತದೆ, ಇನ್ನೊಂದು ವರ್ಷ ತರಕಾರಿ ಅಂಗಡಿ ಶೆಟ್ಟಿ ಮುಂದೆ ಇರುತ್ತಾನೆ. ಸಂಜೆ ಮಕ್ಕಳು ಗುಂಪಾಗಿ ಬಂದು 'ಗೊಂಬೆ ಕೂರಿಸಿದ್ದೀರಾ' ಅಂತ ಕೇಳುತ್ತಾರೆ. ಆಮೇಲೆ ನೋಡುತ್ತಾ ನಿಲ್ಲುತ್ತಾರೆ.

ಹಾಗಾಗಿ ಟ್ರೋಫಿ ಕೋಣೆ ಅಂದರೆ ನನಗೆ ಎರಡೇ ಪ್ರಶ್ನೆ. ನನ್ನ ಕೈಯಾರೆ ಜೋಡಿಸಬಹುದಾ? ಬಂದವರಿಗೆ ತೋರಿಸಬಹುದಾ?

ಟಿವಿಗೆ ಹಾಕಿ ಆಡುವ ಸೋನಿಯ ಪ್ಲೇಸ್ಟೇಷನ್‌ನಲ್ಲಿ 2008ರಿಂದ ಟ್ರೋಫಿ ಇವೆ, ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ. ಆದರೆ ಅದು ಒಂದು ಪಟ್ಟಿ. ಕಪಾಟಿನಲ್ಲಿ ಇಟ್ಟ ಹಾಗಲ್ಲ. 2007ರಲ್ಲಿ ಪ್ಲೇಸ್ಟೇಷನ್ ಹೋಮ್ ಅನ್ನುವ ಆನ್‌ಲೈನ್ ಲೋಕವನ್ನು ಮೊದಲು ತೋರಿಸಿದಾಗ ಟ್ರೋಫಿಗಳನ್ನು ಸಾಲಾಗಿ ಇಡುವ ಒಂದು ಹಾಲ್ ಇತ್ತು. ಅದು ಹಾಗೆ ಬರಲೇ ಇಲ್ಲ, ಹೋಮ್ ಕೂಡ 2015ರ ಮಾರ್ಚ್ 31ಕ್ಕೆ ಮುಚ್ಚಿತು. ಆ ಆಸೆ ನನ್ನಲ್ಲಿ ಹಾಗೇ ಉಳಿದುಬಿಟ್ಟಿತು.

ಸ್ಕೈರಿಮ್ ತೆಗೆದುಕೊಂಡಿದ್ದು ಅದಕ್ಕಾಗಿಯೇ. ದೇವರಾಜ ಅರಸು ರಸ್ತೆ ಕಡೆ ಒಂದು ಅಂಗಡಿಯಲ್ಲಿ ಪ್ಲೇಸ್ಟೇಷನ್ 3ರ (ಪಿಎಸ್3) ಹಳೇ ಡಿಸ್ಕ್ ಸಿಕ್ಕಿತು. ಮನೆ ಕಟ್ಟಬಹುದು, ಟ್ರೋಫಿ ರೂಮ್ ಇದೆ ಅಂತ ಕೇಳಿ ಖಾತ್ರಿ ಮಾಡಿಕೊಂಡೇ ದುಡ್ಡು ಕೊಟ್ಟೆ. ಮನೆಗೆ ತಂದು ಇಪ್ಪತ್ತು ಗಂಟೆ ಆಡಿದ ಮೇಲೆ ಗೊತ್ತಾಯಿತು, ಮನೆ ಕಟ್ಟುವ ಭಾಗ ಹಾರ್ತ್‌ಫೈರ್ ಅನ್ನುವ ಆಡ್-ಆನ್, ಅದು 2012ರಲ್ಲಿ ಬೇರೆಯಾಗಿ ಬಂದದ್ದು. ನನ್ನ ಡಿಸ್ಕ್‌ನಲ್ಲಿ ಅದಿರಲಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಹಳೇ ಡಿಸ್ಕ್ ಕೊಳ್ಳುವವರು ಇದೊಂದು ನೆನಪಿಟ್ಟುಕೊಳ್ಳಿ: 2016ರ ಸ್ಪೆಷಲ್ ಎಡಿಷನ್‌ನಲ್ಲಿ ಹಾರ್ತ್‌ಫೈರ್ ಒಳಗೇ ಇದೆ. ಅದನ್ನು ನಾನು ಪಿಎಸ್4 ಬಂದ ಮೇಲೆ ಮತ್ತೆ ಕೊಂಡೆ. ಒಂದೇ ಕೋಣೆಗೆ ಎರಡು ಸಲ ದುಡ್ಡು.

ಆ ಕೋಣೆ ನೋಡಲು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆಟದೊಳಗಿನ ನಾಣ್ಯ 5000 ಸೆಪ್ಟಿಮ್ ಕೊಟ್ಟು ಜಾಗ ಕೊಳ್ಳಬೇಕು, ಮರ, ಕಲ್ಲು, ಜೇಡಿಮಣ್ಣು ತಂದು ಮನೆ ಎಬ್ಬಿಸಬೇಕು. ಉತ್ತರದ ಕಡೆ ಟ್ರೋಫಿ ರೂಮ್, ಸಾಮಾನಿನ ಕೋಣೆ, ಔಷಧ ತಯಾರಿಸುವ ಕೋಣೆ, ಈ ಮೂರರಲ್ಲಿ ಒಂದು ಮಾತ್ರ. ಕಟ್ಟಿದ ಮೇಲೆ ಬದಲಾಯಿಸುವ ಹಾಗಿಲ್ಲ. ಒಳಗೆ ಬೇಟೆಯಾಡಿದ ಪ್ರಾಣಿಗಳು ನಿಲ್ಲುತ್ತವೆ, ಕರಡಿ, ಟ್ರೋಲ್ ಅನ್ನುವ ರಾಕ್ಷಸ ಪ್ರಾಣಿ, ಡ್ರ್ಯಾಗನ್ ತಲೆಬುರುಡೆ. ಮೈಸೂರಿನವರಿಗೆ ಇದು ಹೊಸತೇನಲ್ಲ. ಸತ್ತ ಹುಲಿ ಚಿರತೆಗಳ ಚರ್ಮ ಹದ ಮಾಡಿ ಜೀವಂತ ಇದ್ದ ಹಾಗೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ನಮ್ಮೂರಿನದೇ, ಅದು 1999ರವರೆಗೂ ಇತ್ತು. ಆ ಕೋಣೆಯೊಳಗೆ ಹೋದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಆದರೆ ಪೀಠದ ಮೇಲೆ ಯಾವ ಪ್ರಾಣಿ ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಪೀಠ ಎಲ್ಲಿರಬೇಕು ಅನ್ನುವುದನ್ನು ಆಟ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಇನ್ನು ಒಬ್ಬರೇ ಆಡುವ ಆಟ, ಯಾರೂ ನೋಡಲು ಬರುವ ಹಾಗಿಲ್ಲ. ಬೇರೆಯವರು ಕೂರಿಸಿದ ಗೊಂಬೆಯನ್ನು ಬಾಗಿಲು ಹಾಕಿಕೊಂಡು ಒಬ್ಬನೇ ನೋಡಿದ ಹಾಗೆ. ನನಗೆ ಅಲ್ಲಿಗೇ ಸಾಕಾಯಿತು.

ಮೈನ್‌ಕ್ರಾಫ್ಟ್ ಇದಕ್ಕೆ ಪೂರ್ತಿ ಉಲ್ಟಾ. ಜಾಗ, ಗೋಡೆ, ಬೆಳಕು, ಎಲ್ಲ ನಮ್ಮದೇ. ಎಂಟು ಕಡ್ಡಿ, ಒಂದು ಚರ್ಮ ಇದ್ದರೆ ಐಟಂ ಫ್ರೇಮ್. ಅದರೊಳಗೆ ಯಾವ ವಸ್ತುವನ್ನಾದರೂ ಇಡಬಹುದು. ನಾನು ಒಂಬತ್ತು ಮೆಟ್ಟಿಲಿನ ದೊಡ್ಡ ಹಾಲ್ ಕಟ್ಟಿದ್ದೆ, ನಮ್ಮ ಮನೆ ಗೊಂಬೆ ಮೆಟ್ಟಿಲಿನ ಹಾಗೆಯೇ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಯ ಜಾಗದಲ್ಲಿ ಡ್ರ್ಯಾಗನ್ ಮೊಟ್ಟೆ, ಅದರ ಹಿಂದೆ ಎಲಿಟ್ರಾ ರೆಕ್ಕೆ. ಡ್ರ್ಯಾಗನ್ ಇರುವ ಎಂಡ್ ಅನ್ನುವ ಲೋಕದ ಹಡಗಿನಲ್ಲಿ ಆ ರೆಕ್ಕೆ ಸಿಗುವುದೇ ಒಂದು ಫ್ರೇಮ್‌ನಲ್ಲಿ. ಹಾಗಾಗಿ ತಂದು ಮತ್ತೆ ಫ್ರೇಮ್‌ನಲ್ಲೇ ಹಾಕಿದ್ದೆ. ಆ ಹಾಲ್‌ಗೆ ಎರಡು ತಿಂಗಳ ರಾತ್ರಿಗಳು ಹೋಗಿದ್ದವು.

ಇಲ್ಲಿ ಒಂದು ತೊಂದರೆ ಇದೆ. ಅದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ತೋರಿಸುವುದಕ್ಕಾಗಿ ಕಟ್ಟುವವರಿಗೆ ಇದೇ ದೊಡ್ಡ ವಿಷಯ.

ಫ್ರೇಮ್‌ಗೆ ಒಂದು ಏಟು ಬಿದ್ದರೆ ಒಳಗಿನ ವಸ್ತು ಕೆಳಗೆ ಬೀಳುತ್ತದೆ. ಇನ್ನೊಂದು ಏಟು ಬಿದ್ದರೆ ಫ್ರೇಮೇ ಬೀಳುತ್ತದೆ. ಮೌಸ್‌ನ ಇನ್ನೊಂದು ಬಟನ್ ಒತ್ತಿದರೆ ವಸ್ತು ಎಂಟನೇ ಒಂದು ಸುತ್ತು ತಿರುಗುತ್ತದೆ, ಎಂಟು ಸಲ ಒತ್ತಿದರೆ ಮೊದಲಿನ ಸ್ಥಿತಿ. ಎರಡರಲ್ಲಿ ಯಾವುದು ಒತ್ತಿದರೂ ಜೋಡಣೆ ಕೆಡುತ್ತದೆ. ಬಿದ್ದ ವಸ್ತುವನ್ನು ಯಾರೂ ಎತ್ತಿಕೊಳ್ಳದಿದ್ದರೆ ಐದು ನಿಮಿಷದಲ್ಲಿ ಅದು ಮಾಯ.

ಹೋದ ದಸರಾಗೆ ಮಂಡ್ಯದಿಂದ ಅಣ್ಣನ ಮಗ ಬಂದಿದ್ದ. ಎಂಟು ವರ್ಷ. ಅಮ್ಮನ ಗೊಂಬೆ ನೋಡಿ ಆದ ಮೇಲೆ 'ಚಿಕ್ಕಪ್ಪ, ನಿನ್ನ ಗೊಂಬೆ ತೋರಿಸು' ಅಂದ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಲ್ಯಾಪ್‌ಟಾಪ್ ಅವನ ಕೈಗೇ ಕೊಟ್ಟೆ. ಅವನು ಮೊದಲು ಹೊರಗೆ ಗುಡ್ಡ ಅಗೆದು ಜೇಬು ತುಂಬಾ ಕಲ್ಲು, ಮಣ್ಣು, ಹೂವು ತುಂಬಿಕೊಂಡ. ಆಮೇಲೆ ಹಾಲ್‌ಗೆ ಬಂದು ಒಂದೊಂದು ಫ್ರೇಮನ್ನೂ ಮುಟ್ಟಿ ನೋಡಿದ. ಮಕ್ಕಳು ಮುಟ್ಟಿಯೇ ನೋಡುವುದು ಅಲ್ವಾ. ಜೇಬು ತುಂಬಿದ್ದರಿಂದ ಬಿದ್ದದ್ದು ಯಾವುದೂ ಅವನ ಕೈ ಸೇರಲಿಲ್ಲ. ಅಷ್ಟರಲ್ಲಿ ಅತ್ತಿಗೆ ಊಟಕ್ಕೆ ಕರೆದರು. ಅವನು ಆಟ ನಿಲ್ಲಿಸದೆ ಎದ್ದು ಹೋದ. ನಾನು ಅನ್ನ ಸಾರು ಮುಗಿಸಿ ಬಂದು ನೋಡಿದರೆ ಹನ್ನೊಂದು ಫ್ರೇಮ್ ಖಾಲಿ. ನೆಲದ ಮೇಲೆ ಏನೂ ಇಲ್ಲ. ಎಲಿಟ್ರಾ ಹೋಗಿತ್ತು, ಹಾಡಿನ ಡಿಸ್ಕ್‌ಗಳು ಹೋಗಿದ್ದವು. ಆಟ ತಾನೇ ಸೇವ್ ಮಾಡಿಕೊಳ್ಳುವುದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ.

ಡ್ರ್ಯಾಗನ್ ಮೊಟ್ಟೆಯ ಕಥೆ ಬೇರೆ. ಅದನ್ನು ಮುಟ್ಟಿದರೆ ಇದ್ದ ಜಾಗದಿಂದ ಹಾರಿ ಬೇರೆ ಕಡೆ ಕೂರುತ್ತದೆ. ಒಂದು ಲೋಕದಲ್ಲಿ ಮೊದಲ ಡ್ರ್ಯಾಗನ್ ಸತ್ತಾಗ ಬರುವುದು ಒಂದೇ ಮೊಟ್ಟೆ, ಮತ್ತೆ ಸಿಗುವುದಿಲ್ಲ. ಆ ರಾತ್ರಿ ಟಾರ್ಚ್ ನೆಡುತ್ತಾ ಹಾಲ್ ಸುತ್ತ ಹುಡುಕಿದೆ. ಹೊರಗಿನ ಗೋಡೆ ಹಿಂದೆ ಹುಲ್ಲಿನ ಮೇಲೆ ಕೂತಿತ್ತು. ಕಪ್ಪು ಮೊಟ್ಟೆ, ಮೇಲೆ ನೇರಳೆ ಚುಕ್ಕೆ ಮಿನುಗುತ್ತಿತ್ತು. ಅದು ಕಂಡಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ.

ಹುಡುಗನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ನಾನೇ ಕರೆದು ತೋರಿಸಿದ್ದು. ಪರಿಹಾರಗಳನ್ನೂ ಮಾಡಿ ನೋಡಿದೆ. ಫ್ರೇಮ್ ಮುಂದೆ ಒಂದು ಬ್ಲಾಕ್ ಜಾಗ ಬಿಟ್ಟು ಗಾಜು ಹಾಕಬಹುದು, ಆಗ ಹಾಲ್ ತುಂಬಾ ದೊಡ್ಡದಾಗಬೇಕು. ನೋಡುವವರನ್ನು ಸ್ಪೆಕ್ಟೇಟರ್ ಮೋಡ್‌ಗೆ, ಅಂದರೆ ಬರೀ ನೋಡುವ ಸ್ಥಿತಿಗೆ ಹಾಕಬಹುದು, ಆಗ ಏನೂ ಮುಟ್ಟಲಾಗದು, ಆದರೆ ಅವರು ಗೋಡೆಯೊಳಗೆ ತೂರಿಕೊಂಡು ಹೋಗುತ್ತಾರೆ. ನಡೆದುಕೊಂಡು ಬಂದು ಮೆಟ್ಟಿಲ ಮುಂದೆ ನಿಂತು ನೋಡುವ ಸುಖ ಅದರಲ್ಲಿಲ್ಲ. ಈಗ ವರ್ಲ್ಡ್ ಫೋಲ್ಡರನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತೇನೆ. ನೀವೂ ಮಾಡಿ.

ದುಡ್ಡಿನ ಮಾತು: ನಾನು ಇದಕ್ಕೆ ಕೊಟ್ಟದ್ದರಲ್ಲಿ ನಾಲ್ಕೈದು ಟೆರೇರಿಯಾ ಬರುತ್ತಿತ್ತು.

ಇನ್ನು ಟೆರೇರಿಯಾ. ಪಕ್ಕದಿಂದ ಕಾಣುವ ಚಪ್ಪಟೆ ಲೋಕ ಅದು. ಹಾಗಾಗಿ ಮನೆಯನ್ನು ಕತ್ತರಿಸಿ ಇಟ್ಟ ಹಾಗೆ ಎಲ್ಲ ಅಂತಸ್ತೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಗೊಂಬೆ ಮೆಟ್ಟಿಲು ನೋಡುವುದೂ ಹಾಗೇ ಅಲ್ವಾ, ಎದುರಿಗೆ ನಿಂತು, ಒಂದೇ ನೋಟದಲ್ಲಿ. ಇದರಲ್ಲಿ ಪ್ರತಿ ಬಾಸ್‌ಗೂ, ಅಂದರೆ ಪ್ರತಿ ದೊಡ್ಡ ಶತ್ರುವಿಗೂ, ಅದರದೇ ಟ್ರೋಫಿ ಇದೆ, ಗೋಡೆಗೆ ಹಾಕುವ ಮೂರಕ್ಕೆ ಮೂರರ ಚೌಕ ಫಲಕ. ಕತ್ತಿಗೆ ವೆಪನ್ ರ‍್ಯಾಕ್, ಕವಚಕ್ಕೆ ಗೊಂಬೆ. ಗೋಡೆಯ ಟ್ರೋಫಿ ಸುಮ್ನೆ ಮುಟ್ಟಿದರೆ ಬೀಳುವುದಿಲ್ಲ. ಪಿಕಾಸಿ ಹಿಡಿದು ಬೇಕಂತಲೇ ಕೀಳಬೇಕು. ಕಿತ್ತರೂ ನೆಲದ ಮೇಲೆ ಇರುತ್ತದೆ, ಹೊತ್ತು ಮೀರಿತು ಅಂತ ಮಾಯವಾಗುವುದಿಲ್ಲ.

ಕಷ್ಟ ಇಲ್ಲವೇ ಅಂದರೆ ಇದೆ. ಟ್ರೋಫಿ ಸಿಗುವುದು ನೂರಕ್ಕೆ ಹತ್ತು ಸಲ. ಲೆಕ್ಕ ಹಾಕಿದರೆ ಒಂದು ಬಾಸನ್ನು ಹತ್ತು ಸಲ ಹೊಡೆದವರಲ್ಲಿ ಮೂರರಲ್ಲಿ ಒಬ್ಬರಿಗೆ ಆಗಲೂ ಸಿಕ್ಕಿರುವುದಿಲ್ಲ. ಪ್ಲಾಂಟೆರಾ ಅನ್ನುವ ಬಾಸ್ ನನಗೆ ಹದಿನಾರನೇ ಸಲ ಕೊಟ್ಟಿತು. ನೆಲದಡಿಯ ಕಾಡಿನಲ್ಲಿ ಗುಲಾಬಿ ಮೊಗ್ಗು ಹುಡುಕಿ ಒಡೆದರೆ ಅದು ಬರುತ್ತದೆ, ಪ್ರತಿ ಸಲವೂ ಹೊಸ ಮೊಗ್ಗು ಹುಡುಕಬೇಕು. ಆದರೆ ನನಗೆ ಇದು ಬೇಸರ ತರಲಿಲ್ಲ. ಕೆಲಸ ಮುಗಿಸಿ ಬಂದು ದಿನಕ್ಕೆ ಒಂದು ಬಾಸ್, ಅರ್ಧ ಗಂಟೆ. ಗೋಡೆ ಮೇಲಿನ ಒಂದೊಂದು ಫಲಕಕ್ಕೂ ಅದರದೇ ವಾರಗಳು ಇವೆ. ಹೊಡೆದಾಗಲೆಲ್ಲ ಖಂಡಿತ ಸಿಗುವ ಚಿನ್ನದ ಬಣ್ಣದ ರೆಲಿಕ್‌ಗಳೂ 2020ರ ಅಪ್‌ಡೇಟ್‌ನಿಂದ ಇವೆ, ಆದರೆ ಅವು ಮಾಸ್ಟರ್ ಮೋಡ್‌ನಲ್ಲಿ ಮಾತ್ರ. ಅಷ್ಟು ಕಷ್ಟದ ಆಟ ಆಡಲು ನನಗೆ ಸಮಯವಿಲ್ಲ.

ನನ್ನ ಮನಸ್ಸು ಪೂರ್ತಿ ಗೆದ್ದದ್ದು ಮಾತ್ರ ಬೇರೆ ಒಂದು ವಿಷಯ. ಟೆರೇರಿಯಾದಲ್ಲಿ ನಮ್ಮ ಆಟಗಾರ ಒಂದು ಲೋಕದಿಂದ ಇನ್ನೊಂದಕ್ಕೆ ಸಾಮಾನು ಹೊತ್ತುಕೊಂಡು ಹೋಗಬಹುದು. ಇದರಿಂದ ಒಂದು ಅನುಕೂಲ ಇದೆ. ಲೋಕದಲ್ಲಿ ಎರಡು ಬಗೆ: ಕರಪ್ಷನ್ ಆಗಿದ್ದರೆ ಬರುವ ಬಾಸ್ ಈಟರ್ ಆಫ್ ವರ್ಲ್ಡ್ಸ್, ಕ್ರಿಮ್ಸನ್ ಆಗಿದ್ದರೆ ಬ್ರೇನ್ ಆಫ್ ಕ್ತುಲ್ಹು. ಎರಡೂ ಟ್ರೋಫಿ ಬೇಕಾದರೆ ಎರಡು ಲೋಕದಲ್ಲಿ ಆಡಿ ಒಂದೇ ಮನೆಗೆ ತರಬಹುದು. ಆದರೆ ನಾನು ಅದನ್ನು ಬಳಸುವುದು ಇನ್ನೊಂದಕ್ಕೆ. ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆ ಆದ ವಾರ, ಟ್ರೋಫಿಗಳನ್ನೆಲ್ಲ ಗೋಡೆಯಿಂದ ಇಳಿಸುತ್ತೇನೆ. ಹೊಸ ಲೋಕಕ್ಕೆ ಹೊತ್ತುಕೊಂಡು ಹೋಗಿ ಹೊಸ ಮನೆ ಕಟ್ಟಿ ಮತ್ತೆ ಜೋಡಿಸುತ್ತೇನೆ. ಒಂದು ಸಲ ಕೆಂಪು ಇಟ್ಟಿಗೆ, ಒಂದು ಸಲ ಹಿಮ. ಪಕ್ಕದ ಕೋಣೆಯಲ್ಲಿ ಅಮ್ಮ ಟ್ರಂಕ್ ಬಿಚ್ಚುತ್ತಿರುತ್ತಾಳೆ.

ಬಂದವರಿಗೆ ತೋರಿಸುವುದೂ ಸುಲಭ. ನಾನು ಹೋಸ್ಟ್ ಮಾಡಿ ಸ್ಟೀಮ್‌ನಲ್ಲಿ ಕರೆದರೆ ಅಣ್ಣನ ಮಗ ಮಂಡ್ಯದಿಂದಲೇ ಬರುತ್ತಾನೆ. ಅವನ ಆಟಗಾರ ಮೆಟ್ಟಿಲ ಮುಂದೆ ಅತ್ತಿಂದಿತ್ತ ಓಡಾಡಿ 'ಇದು ಯಾವುದು, ಇದು ಯಾವುದು' ಅಂತ ಫೋನಿನಲ್ಲಿ ಕೇಳುತ್ತಾನೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆದರೂ ಎಲ್ಲೂ ನಿಲ್ಲುವುದಿಲ್ಲ.

ನಿಮಗೆ ಮೂರು ಆಯಾಮದ ಕೋಣೆಯೊಳಗೆ ಒಬ್ಬರೇ ಓಡಾಡುವುದು ಇಷ್ಟವಾದರೆ ಸ್ಕೈರಿಮ್ ಸ್ಪೆಷಲ್ ಎಡಿಷನ್ ತೆಗೆದುಕೊಳ್ಳಿ. ಕಟ್ಟುವುದೇ ಖುಷಿ, ದುಡ್ಡೂ ಇದೆ, ಮನೆಯಲ್ಲಿ ಚಿಕ್ಕ ಮಕ್ಕಳು ಇಲ್ಲ ಅಂದರೆ ಮೈನ್‌ಕ್ರಾಫ್ಟ್. ನನ್ನ ಹಾಗೆ ವರ್ಷ ವರ್ಷ ಬಿಚ್ಚಿ ಜೋಡಿಸುವವರಿಗೆ, ತಿಂಗಳ ಕೊನೆಯಲ್ಲೂ ಕೊಳ್ಳಬಹುದಾದದ್ದು ಟೆರೇರಿಯಾ.

ಈ ವರ್ಷ ಒಂಬತ್ತನೇ ಮೆಟ್ಟಿಲಲ್ಲಿ ಮೂರಕ್ಕೆ ಮೂರರ ಒಂದು ಜಾಗ ಖಾಲಿ ಬಿಟ್ಟಿದ್ದೇನೆ. ಅದು ಕೊನೆಯ ಬಾಸ್ ಮೂನ್ ಲಾರ್ಡ್‌ನ ಟ್ರೋಫಿಗೆ. ಏಳು ಸಲ ಹೊಡೆದಾಗಿದೆ, ಇನ್ನೂ ಸಿಕ್ಕಿಲ್ಲ.